ಬೈಜಾಂಟೈನ್ಸ್ ಇಟ್ಟುಕೊಂಡೇ 1200 ದಾಟಿದೆ: ನನ್ನ ಅನುಭವ

ಹೋದ ತಿಂಗಳು, ಊರು ಕಟ್ಟಿ ಸೈನ್ಯ ಬೆಳೆಸಿ ಎದುರಿನವನನ್ನು ಸೋಲಿಸೋ ಕಂಪ್ಯೂಟರ್ ಆಟ ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್‌ನಲ್ಲಿ ನನ್ನ ರ‍್ಯಾಂಕ್ಡ್ ರೇಟಿಂಗ್ (ಗೆದ್ದರೆ ಏರಿ, ಸೋತರೆ ಇಳಿಯೋ ಅಂಕ) 1200 ದಾಟಿತು. ದೊಡ್ಡ ಆಟಗಾರರಿಗೆ ಇದು ಲೆಕ್ಕಕ್ಕೇ ಇಲ್ಲ, ಗೊತ್ತು. ಆದರೆ ನಾನು 1000ದಿಂದ ಶುರು ಮಾಡಿ ಕೆಳಕ್ಕೆ ಜಾರಿ, 830ರ ಆಸುಪಾಸಿನಲ್ಲಿ ಐದಾರು ತಿಂಗಳು ಬಿದ್ದಿದ್ದವನು. ಅಲ್ಲಿಂದ ಎದ್ದು ಬಂದಿದ್ದು ಒಂದೇ ಸಿವ್ (ಆಟದಲ್ಲಿ ಆರಿಸಿಕೊಳ್ಳೋ ಸಾಮ್ರಾಜ್ಯ) ಹಿಡಿದು, ಅದೇ ಬೈಜಾಂಟೈನ್ಸ್. ತಿಪಟೂರಿನಲ್ಲಿ ನಮ್ಮದು ನಾಲ್ಕು ಜನರ ಗ್ಯಾಂಗ್. ಉಳಿದ ಮೂವರೂ ಹೇಳಿದ್ದು ಒಂದೇ ಮಾತು: "ಎಕಾನಮಿ ಬೋನಸ್ಸೇ ಇಲ್ಲದ ಸಿವ್ ಅದು. ಬಿಡು ಗುರು, ಫ್ರಾಂಕ್ಸ್ ತಗೋ." ಹಾಗೆ ಹೇಳಿದವರಲ್ಲಿ ಒಬ್ಬ ಫ್ರಾಂಕ್ಸ್ ತಗೊಂಡು ಇನ್ನೂ 1050ರಲ್ಲೇ ಇದ್ದಾನೆ. ಹೆಸರು ಬೇಡ.

ನನ್ನ ಕೆಲಸ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯೋದು. ಈ ಆಟ ಮೊದಲು ನೋಡಿದ್ದು ಹೈಸ್ಕೂಲಿನಲ್ಲಿದ್ದಾಗ, ಬ್ರೌಸಿಂಗ್ ಸೆಂಟರ್‌ನಲ್ಲಿ, ಗಂಟೆಗೆ 20 ರೂಪಾಯಿ ಕೊಟ್ಟು. ಆಗೆಲ್ಲ ಚೀಟ್ ಕೋಡ್ ಹೊಡೆದು ಕಾರು ಇಳಿಸೋದೇ ಆಟ. ನಿಜವಾಗಿ ಕೂತು ಕಲಿತಿದ್ದು ಮೂರು ವರ್ಷದಿಂದ ಈಚೆಗೆ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡ್ತೀನಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ 17 ಸಾವಿರವೋ 18 ಸಾವಿರವೋ ಕೊಟ್ಟೆ. ಆಟ ಸೇಲ್‌ನಲ್ಲಿ 600 ಚಿಲ್ಲರೆಗೆ ಸಿಕ್ಕಿತು. ಇನ್‌ಸ್ಟಾಲ್ ಮಾಡಿ ರ‍್ಯಾಂಕ್ಡ್ ಒತ್ತಿದರೆ ಬೆಂಚ್‌ಮಾರ್ಕ್ ಟೆಸ್ಟ್ ಕೇಳ್ತು. ಅದರಲ್ಲಿ 1000 ಬರಬೇಕು. ನನಗೆ ಬಂದಿದ್ದು 900 ಚಿಲ್ಲರೆ. 4 ಜಿಬಿ ಇದ್ದ ರ‍್ಯಾಮ್ 8 ಮಾಡಿಸಿದೆ, ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದೆ. ಎರಡಕ್ಕೂ ಸೇರಿ 4 ಸಾವಿರದ ಹತ್ತಿರ ಹೋಯ್ತು. ಎನ್‌ಹಾನ್ಸ್‌ಡ್ ಗ್ರಾಫಿಕ್ಸ್ ಪ್ಯಾಕ್ ತೆಗೆದು ಹಾಕಿದ ಮೇಲೆ ಪಾಸಾದೆ. ಆಮೇಲೆ ಕರೆಂಟಿನ ಕಾಟ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೌಟರ್‌ಗೆ ಎಲ್ಲಿದೆ? ಗೆಲ್ಲೋ ಆಟವನ್ನೇ ಕೈಬಿಟ್ಟಿದ್ದು ನಾಲ್ಕೋ ಐದೋ ಸಲ. ಕೊನೆಗೆ 1300 ಕೊಟ್ಟು ರೌಟರ್‌ಗೆ ಸಣ್ಣ ಯುಪಿಎಸ್ ತಂದೆ. ನನ್ನ ರೇಟಿಂಗ್ ಏರಿದ್ದರಲ್ಲಿ 50 ಪಾಯಿಂಟ್ ಆ ಡಬ್ಬಿಯದ್ದೇ.

ಈಗ ಆಟಕ್ಕೆ ಬರೋಣ. ಫುಡ್, ವುಡ್, ಗೋಲ್ಡ್, ಸ್ಟೋನ್ ಕೂಡಿಸೋ ಕೆಲಸದವರು ವಿಲೇಜರ್. ಊರು ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್ ಅಂತ ನಾಲ್ಕು ಏಜ್ ಹತ್ತುತ್ತೆ. ಬೈಜಾಂಟೈನ್ಸ್ ಹತ್ತಿರ ಹೆಚ್ಚು ಕಡಿಮೆ ಎಲ್ಲಾ ಇದೆ. ಕುದುರೆಗೆ ಪ್ಯಾಲಡಿನ್, ಬಿಲ್ಲಿಗೆ ಆರ್ಬಲೆಸ್ಟರ್, ಕತ್ತಿಗೆ ಚಾಂಪಿಯನ್, ಈಟಿಗೆ ಹಾಲ್ಬರ್ಡಿಯರ್, ಒಂಟೆಗೆ ಹೆವಿ ಕ್ಯಾಮಲ್, ಫಿರಂಗಿಗೆ ಬಾಂಬರ್ಡ್ ಕ್ಯಾನನ್. ಅದೇ ನನ್ನನ್ನು ಹಾಳು ಮಾಡಿದ್ದು. ಸಂತೆಗೆ ಹೋದ ಮಗು ಎಲ್ಲಾ ಕೊಡಿಸು ಅಂತ ಹಠ ಮಾಡೋ ಹಾಗೆ, ಬ್ಯಾರಕ್ಸ್ (ಕಾಲಾಳಿಗೆ), ಆರ್ಚರಿ ರೇಂಜ್ (ಬಿಲ್ಲುಗಾರರಿಗೆ), ಸ್ಟೇಬಲ್ (ಕುದುರೆ, ಒಂಟೆಗೆ) ಮೂರನ್ನೂ ಫ್ಯೂಡಲ್‌ನಲ್ಲೇ ಕಟ್ತಿದ್ದೆ. ಒಂದೊಂದಕ್ಕೆ 175 ವುಡ್, ಒಟ್ಟು 525. ಫಾರ್ಮ್ 60 ಲೆಕ್ಕದಲ್ಲಿ ಎಂಟು ಹೊಲ ಹಾಕಿ ಇನ್ನೂ ಉಳೀತಿತ್ತು. ಆಮೇಲೆ ಬ್ಲ್ಯಾಕ್‌ಸ್ಮಿತ್‌ನಲ್ಲಿ ಮೂರು ಥರದ ಸೈನ್ಯಕ್ಕೆ ಮೂರು ಥರದ ಅಪ್‌ಗ್ರೇಡ್. ಕೊನೆಗೆ ನನ್ನ ಹತ್ತಿರ ಐದು ಆರ್ಚರ್, ನಾಲ್ಕು ಸ್ಕೌಟ್ (ಹಗುರ ಕುದುರೆ), ಮೂರು ಸ್ಪಿಯರ್‌ಮನ್ ಇರ್ತಿದ್ದವು. ಎದುರಿನವನು ಹತ್ತು ನೈಟ್ (ಭಾರೀ ಕುದುರೆ ಸವಾರ) ತಗೊಂಡು ಒಳಗೆ ಬರ್ತಿದ್ದ.

ಎರಡನೇ ತಪ್ಪು ನೈಟ್ಸ್. ಎಲ್ಲರೂ ನೈಟ್ ಮಾಡ್ತಾರೆ ಅಂತ ನಾನೂ ಮಾಡಿದೆ. ನಮಗೆ ಬ್ಲಡ್‌ಲೈನ್ಸ್ (ಕುದುರೆಯ ಎಚ್‌ಪಿ, ಅಂದರೆ ಜೀವಬಲ, ಏರಿಸೋ ಅಪ್‌ಗ್ರೇಡ್) ಇಲ್ಲ. ಫ್ರಾಂಕ್ಸ್‌ಗೂ ಇಲ್ಲ, ಆದರೆ ಅವರ ಕುದುರೆಗೆ 20% ಎಚ್‌ಪಿ ಪುಕ್ಕಟೆ. ಅವರ ನೈಟ್ 120, ನಮ್ಮದು 100. ಕೊಟ್ಟ ಗೋಲ್ಡ್ ಇಬ್ಬರದೂ 75. ಇದರಲ್ಲಿ ಲಾಭ ಎಲ್ಲಿಂದ ಬರಬೇಕು?

ಮೂರನೇದು ಕ್ಯಾಟಾಫ್ರಾಕ್ಟ್ ಹುಚ್ಚು. ನಮ್ಮ ಸಿವ್‌ಗೆ ಮಾತ್ರ ಸಿಗೋ ಯುನೀಕ್ ಯೂನಿಟ್ ಅಲ್ವಾ, ಅದೂ ಕುದುರೆಗೂ ಉಕ್ಕಿನ ಅಂಗಿ ತೊಡಿಸಿರೋದು, ನೋಡೋಕೇ ಚಂದ. ಕ್ಯಾಸಲ್‌ಗೆ 650 ಸ್ಟೋನ್ ಕೂಡಿಸಿ, ಎಲೀಟ್ ಮಾಡಿಸಿ, ಲಾಜಿಸ್ಟಿಕಾ (ಪಕ್ಕದವರಿಗೂ ಪೆಟ್ಟು ತಾಗಿಸೋ ಅಪ್‌ಗ್ರೇಡ್) ಹಾಕಿಸೋ ಹೊತ್ತಿಗೆ ಸುಮಾರು 40 ನಿಮಿಷ ಆಗಿರ್ತಿತ್ತು. ಗೋಥ್ಸ್ ಎದುರು ಒಂದೇ ಒಂದು ಸಲ ಸಿಕ್ಕಾಪಟ್ಟೆ ಕೆಲಸ ಮಾಡಿತು, ಹಿಂಡು ಹಿಂಡಾಗಿ ಬರೋ ಕಾಲಾಳುಗಳನ್ನು ಕಳೆ ಕಿತ್ತ ಹಾಗೆ ಕಿತ್ತು ಹಾಕಿತು. ಆ ಒಂದು ಗೆಲುವಿನ ಅಮಲಿನಲ್ಲಿ ಮುಂದಿನ ಹತ್ತು ಹನ್ನೆರಡು ಆಟ ಸೋತೆ. ಬ್ರಿಟನ್ಸ್ ಬಾಣದ ಎದುರು ಆ ಅಂಗಿ ಏನೂ ಅಲ್ಲ.

ದಾರಿ ಹೊಳೆದದ್ದು ಮಂಡಿಯಲ್ಲಿ. ಹರಾಜಿನ ದಿನ ಖರೀದಿಗೆ ಬಂದವರು ಚೀಲದಿಂದ ಒಂದೆರಡು ಕೊಬ್ಬರಿ ತೆಗೆದು, ಒಡೆದು, ಒಳಗೆ ಬೂಸ್ಟು ಇದೆಯಾ ನೋಡ್ತಾರೆ. ಮಾಲು ನೋಡದೆ ರೇಟು ಬರೆಯಲ್ಲ. ನಾನು ಮಾತ್ರ ಎದುರಿನವನ ಮನೆ ನೋಡೋ ಮೊದಲೇ ಸೈನ್ಯ ಕಟ್ತಿದ್ದೆ. ಬೈಜಾಂಟೈನ್ಸ್‌ಗೆ ಸ್ಪಿಯರ್, ಸ್ಕರ್ಮಿಶರ್, ಒಂಟೆ, ಈ ಮೂರೂ 25% ಅಗ್ಗ. ಮೂರೂ ಯಾರನ್ನೋ ತಡೆಯೋಕೆ ಇರೋವು: ಸ್ಪಿಯರ್, ಒಂಟೆ ಕುದುರೆಯನ್ನು, ಈಟಿ ಎಸೆಯೋ ಸ್ಕರ್ಮಿಶರ್ ಬಿಲ್ಲುಗಾರರನ್ನು. ಅಂದರೆ ಎದುರಿನವನು ದುಡ್ಡು ಸುರಿದ ಮೇಲೆ ನಾವು ಕೈ ಬಿಚ್ಚಬೇಕು. ನಾವು ಮೊದಲು ಬಿಚ್ಚಿದರೆ ಆ ಅಗ್ಗಕ್ಕೆ ಅರ್ಥ ಇಲ್ಲ.

ಅಲ್ಲಿಂದ ಹೀಗೆ ಮಾಡಿದೆ. ಊರಲ್ಲಿ 21 ಅಥವಾ 22 ಜನ ಆದ ಮೇಲೆ ಫ್ಯೂಡಲ್‌ಗೆ ಏರೋ ಬಟನ್ ಒತ್ತೋದು. ಬ್ಯಾರಕ್ಸ್ ಮಾತ್ರ ಕಟ್ಟಿಟ್ಟು ಸುಮ್ನೆ ಕೂರೋದು. ಸ್ಕೌಟ್ ಕುದುರೆ ಎದುರಿನವನ ಊರಿನ ಸುತ್ತ ಇರಲೇಬೇಕು, ಸಾಯಬಾರದು. ಅವನು ರೇಂಜ್ ಕಟ್ಟಿದನಾ, ನಾನೂ ರೇಂಜ್ ಕಟ್ಟಿ ಸ್ಕರ್ಮಿಶರ್, ಅಂದರೆ ಸ್ಕರ್ಮ್ಸ್. ಒಂದಕ್ಕೆ ಸುಮಾರು 19 ಫುಡ್, 26 ವುಡ್ ಬೀಳುತ್ತೆ. ಸ್ಟೇಬಲ್ ಕಟ್ಟಿದನಾ, ಬ್ಯಾರಕ್ಸ್‌ನಿಂದಲೇ ಸ್ಪಿಯರ್, 26 ಫುಡ್ 19 ವುಡ್. ಗೋಲ್ಡ್ ಮುಟ್ಟೋದೇ ಬೇಡ. ಫ್ಯೂಡಲ್ ಪೂರ್ತಿ ಗೋಲ್ಡ್ ಮೇಲೆ ಮೂರೋ ನಾಲ್ಕೋ ವಿಲೇಜರ್ ಅಷ್ಟೆ, ಉಳಿದವರೆಲ್ಲ ಹೊಲ ಮತ್ತು ಮರ. ಇದನ್ನು ನೋಡಿ ಗ್ಯಾಂಗ್‌ನವರು ನಕ್ಕಿದ್ದೇ ನಕ್ಕಿದ್ದು, "ಏನೋ ಇದು, ಬರೀ ಬೇಲಿ ಕಾಯೋ ಆಟ" ಅಂತ.

ಹಾಗೆ ನಕ್ಕವನ ಜೊತೆಗೇ ಒಂದು ಆಟ ಆಯ್ತು. ಅರೇಬಿಯಾ ಮ್ಯಾಪ್, ಅವನು ಫ್ರಾಂಕ್ಸ್. ಫೋನ್ ಸ್ಪೀಕರ್‌ನಲ್ಲಿಟ್ಟು ಆಡ್ತಿದ್ವಿ. 20ನೇ ನಿಮಿಷದ ಹೊತ್ತಿಗೆ ಅವನು ಆರು ನೈಟ್ ತಂದ. ನಾನು ಕ್ಯಾಸಲ್ ಏಜ್‌ಗೆ ಅವನಿಗಿಂತ ಒಂದು ನಿಮಿಷ ಲೇಟು. ಕೈಯಲ್ಲಿ ಎಂಟು ಸ್ಪಿಯರ್ ಇತ್ತು, ಆಗ ತಾನೆ ಸ್ಪಿಯರ್ ಗಟ್ಟಿ ಮಾಡೋ ಪೈಕ್‌ಮನ್ ಅಪ್‌ಗ್ರೇಡ್ ಒತ್ತಿದ್ದೆ. ಆ ಆರೂ ಮೊದಲು ನನ್ನ ಗೋಲ್ಡ್ ಮೈನ್‌ಗೆ ಬಂದವು, ಸ್ಪಿಯರ್ ನೋಡಿ ತಿರುಗಿದವು. ನೇರ ಹಿಂದಿನ ಮರ ಕಡಿಯೋ ಜಾಗಕ್ಕೆ ಹೋದವು. ಅಲ್ಲಿ ನನ್ನ ಒಂಬತ್ತು ಜನ. ಮೂರು ಜನ ಸತ್ತರು. ಫೋನಿನಲ್ಲಿ "ಹೋಯ್ತು ನಿನ್ ಕಥೆ" ಅಂದ. ಅಷ್ಟು ಹೊತ್ತಿಗೆ ಸ್ಟೇಬಲ್‌ನಿಂದ ಮೊದಲ ಒಂಟೆ ಇಳಿಯಿತು, ಹಿಂದೆಯೇ ಇನ್ನೆರಡು. ಸ್ಪಿಯರ್‌ಗಳನ್ನು ಮನೆಗಳ ನಡುವಿನ ಸಂದಿಗೆ ಕಳಿಸಿ ನಿಲ್ಲಿಸಿದೆ. ಅವನು ವಾಪಸ್ ಹೋಗಬೇಕಾದರೆ ಅಲ್ಲೇ ಹೋಗಬೇಕು. ಬಯಲಲ್ಲಿ ಓಡಿದರೂ ಉಪಯೋಗ ಇಲ್ಲ, ಒಂಟೆಯ ವೇಗ ನೈಟ್‌ಗಿಂತ ಸ್ವಲ್ಪ ಜಾಸ್ತಿ. ಆರರಲ್ಲಿ ಒಂದೂ ಹೋಗಲಿಲ್ಲ.

ಲೆಕ್ಕ ಬರೆಯೋ ಕೈ ನೋಡಿ, ಆಟ ಮುಗಿದ ಮೇಲೆ ಕೂಡಿಸಿದೆ. ಅವನ ಕಡೆ 450 ಗೋಲ್ಡ್ ಮಣ್ಣಾಯ್ತು. ನನ್ನ ಕಡೆ ಎರಡು ಒಂಟೆ, ಒಂದಕ್ಕೆ 45ರಂತೆ 90. ಜೊತೆಗೆ ಸ್ಪಿಯರ್ ಮೂರು, ವಿಲೇಜರ್ ಮೂರು. ಅವಕ್ಕೆ ಗೋಲ್ಡ್ ಬೇಕಿಲ್ಲ. ಆ ಉಳಿದ ಗೋಲ್ಡ್ ಎಲ್ಲಿಗೆ ಹೋಯ್ತು? ಇಂಪೀರಿಯಲ್‌ಗೆ. ಬೇರೆಯವರಿಗೆ 1000 ಫುಡ್ 800 ಗೋಲ್ಡ್, ನಮಗೆ ಮೂರನೇ ಒಂದು ಭಾಗ ಕಡಿಮೆ. ಸುಮಾರು 670, 535. ನಾನು 33ನೇ ನಿಮಿಷಕ್ಕೆ ಒತ್ತಿದೆ. ಅವನು ಇನ್ನೂ ನೈಟ್ ಮಾಡ್ತಾನೇ ಇದ್ದ. ಎರಡು ಟ್ರೆಬ್ಯುಷೆಟ್ (ದೂರದಿಂದ ಕಲ್ಲೆಸೆಯೋ ಯಂತ್ರ) ನಿಲ್ಲಿಸಿ ಅವನ ಕ್ಯಾಸಲ್ ಬೀಳಿಸಿದಾಗ ಆಟದಲ್ಲಿ ರಿಸೈನ್ ಮಾಡೋ ಮೊದಲು ಫೋನ್ ಕಟ್ ಮಾಡಿದ. ಬೆಳಗ್ಗೆ ತಿಂಡಿ ಅವನದೇ ಖರ್ಚು, ಇಡ್ಲಿ ವಡೆ ಎರಡೆರಡು ಪ್ಲೇಟು.

ಇಂಪೀರಿಯಲ್ ಅಗ್ಗ ಅಂತ ಹಾರಿದರೂ ಕಷ್ಟ. ಒಂದು ಕಾಲದಲ್ಲಿ 28ನೇ ನಿಮಿಷಕ್ಕೇ ಒತ್ತುತ್ತಿದ್ದೆ. ಊರು ದೊಡ್ಡದು, ಮನೆಯಲ್ಲಿ ಅಕ್ಕಿ ಇಲ್ಲ ಅನ್ನೋ ಹಾಗೆ ಆಗ್ತಿತ್ತು. ಏಜ್ ಬಂತು, ಅಪ್‌ಗ್ರೇಡ್‌ಗೆ ದುಡ್ಡಿಲ್ಲ. ಈಗ ವಿಲೇಜರ್ 75 ದಾಟದೆ ಆ ಕಡೆ ನೋಡಲ್ಲ. ಇನ್ನೊಂದು ಮಾತು, ನಮಗೆ ಬ್ಲಾಸ್ಟ್ ಫರ್ನೇಸ್ (ಕಾಲಾಳು, ಕುದುರೆಗಳ ಪೆಟ್ಟು ಏರಿಸೋ ಕೊನೆಯ ಅಪ್‌ಗ್ರೇಡ್) ಇಲ್ಲ. ಹಾಲ್ಬರ್ಡಿಯರ್ ಕುದುರೆಯನ್ನು ತಡೀತಾನೆ, ಆದರೆ ಅವನಿಂದಲೇ ಊರು ಬೀಳಿಸ್ತೀನಿ ಅಂತ ಹೊರಟರೆ ಬೆಳಗಾಗುತ್ತೆ. ಸ್ಕರ್ಮಿಶರ್‌ಗೆ ಆ ಕೊರತೆ ತಟ್ಟಲ್ಲ.

ಮಾರ್ಕೆಟ್ ಬಗ್ಗೆ ಒಂದು ಪ್ರಯೋಗ ಹೇಳಲೇಬೇಕು, ವ್ಯಾಪಾರದ ಊರಿನವನಲ್ವಾ. ಆಟದ ಶುರುವಿಗೆ 200 ಸ್ಟೋನ್ ಕೈಯಲ್ಲಿರುತ್ತೆ. ಫ್ಯೂಡಲ್‌ನಲ್ಲಿ ಮಾರ್ಕೆಟ್ ಕಟ್ಟಿದ ಕೂಡಲೇ ಅದನ್ನು ಮಾರಿದರೆ 180ರ ಹತ್ತಿರ ಗೋಲ್ಡ್ ಬರುತ್ತೆ. ಅಂದರೆ ನಾಲ್ಕು ಒಂಟೆ! ಕುಣಿದಾಡಿಬಿಟ್ಟೆ. ಒಂದು ವಾರ ಎಲ್ಲಾ ಆಟದಲ್ಲೂ ಮಾರಿದೆ. ಒಂಟೆ ಬಂತು, ನೈಟ್ ಓಡಿತು. ಆದರೆ ವಿಲೇಜರ್ ಹುಟ್ಟಿಸೋ ಕಟ್ಟಡ ಇದೆಯಲ್ಲ, ಆ ಎರಡನೇ ಟೌನ್ ಸೆಂಟರ್‌ಗೆ 100 ಸ್ಟೋನ್ ಬೇಕು, ಅದಿಲ್ಲ. ಕೊಳ್ಳೋಕೆ ಹೋದರೆ ಮಾರಿದ್ದಕ್ಕಿಂತ ಎಷ್ಟೋ ಜಾಸ್ತಿ. ಗಿಲ್ಡ್ಸ್ (ಕಮಿಷನ್ ಇಳಿಸೋ ಅಪ್‌ಗ್ರೇಡ್) ಮಾಡಿಸದಿದ್ದರೆ ಆ ಮಾರ್ಕೆಟ್ 30% ಹಿಡೀತದೆ. ನಮ್ಮ ಮಂಡಿಯಲ್ಲಿ ಅಷ್ಟು ಕಮಿಷನ್ ಹಿಡಿದರೆ ರೈತರು ಬಾಗಿಲಿಗೆ ಬೀಗ ಜಡಿದು ಹೋಗ್ತಾರೆ. ಈಗ ತೀರಾ ಇಕ್ಕಟ್ಟಾದರೆ 100 ಮಾತ್ರ ಮಾರ್ತೀನಿ, ಇನ್ನು 100 ಮುಟ್ಟಲ್ಲ.

ಅಕ್ಕನ ಮಗನ ಜೊತೆ ಕೂತು ಇನ್ನೂ ಒಂದೆರಡು ನೋಡಿದೆ. ಮನೆಗಳನ್ನೇ ಗೋಡೆ ಮಾಡೋದು ನಮಗೆ ಚೆನ್ನಾಗಿ ಆಗುತ್ತೆ. ಡಾರ್ಕ್ ಏಜ್‌ನಲ್ಲೇ ಕಟ್ಟಡಗಳಿಗೆ 10% ಎಚ್‌ಪಿ ಜಾಸ್ತಿ, ಇಂಪೀರಿಯಲ್‌ಗೆ 40% ಆಗುತ್ತೆ. ಹೇಗೂ ಮನೆ ಬೇಕೇ ಬೇಕು, 25 ವುಡ್. ಅದನ್ನು ಟೌನ್ ಸೆಂಟರ್ ಪಕ್ಕ ಗುಡ್ಡೆ ಹಾಕೋ ಬದಲು ಸಂದಿ ಮುಚ್ಚೋ ಕಡೆ ಕಟ್ಟಿ. ಐಲ್ಯಾಂಡ್ಸ್‌ನಲ್ಲಿ ಫೈರ್ ಶಿಪ್ ಹಿಡಿದರೆ ನಾವೇ ರಾಜರು, ಆದರೆ ಆ ಮ್ಯಾಪ್ ಬೀಳೋದೇ ಅಪರೂಪ. ಮಾಂಕ್‌ಗಳನ್ನು ಸೈನ್ಯದ ಹಿಂದೆ ನಡೆಸಿ ಗಾಯ ವಾಸಿ ಮಾಡಿಸೋ ಪ್ರಯತ್ನ ಪೂರ್ತಿ ತೋಪು. ನಮ್ಮ ಮಾಂಕ್ ವಾಸಿ ಮಾಡೋದು ಬೇಗ ನಿಜ, ಆದರೆ ಐದು ಜನರನ್ನು ಕಾಯ್ತಾ ಕೂತರೆ ಟೌನ್ ಸೆಂಟರ್ ಖಾಲಿ ಕೂತಿರುತ್ತೆ. "ಮಾಮ, ನೀನು ಆಸ್ಪತ್ರೆ ನಡೆಸ್ತಿದ್ದೀಯಾ, ಯುದ್ಧ ಮಾಡ್ತಿದ್ದೀಯಾ?" ಅಂತ ಹುಡುಗ ಕೇಳಿದ. ಅಲ್ಲಿಗೆ ಬಿಟ್ಟೆ.

ಕ್ಯಾಟಾಫ್ರಾಕ್ಟ್ ಪೂರ್ತಿ ಬಿಟ್ಟಿಲ್ಲ. ಎದುರಿನವನು ನಮ್ಮ ಒಂಟೆ ನೋಡಿ ಕುದುರೆ ಬಿಟ್ಟು ಕಾಲಾಳು ಶುರು ಮಾಡ್ತಾನಲ್ಲ, ಆಗ ತೆಗೀತೀನಿ. ಅವನು ಪೈಕ್ ತಂದರೂ ಬೇರೆ ಕುದುರೆಗಳಿಗೆ ಬೀಳೋ ಪೆಟ್ಟು ಇದಕ್ಕೆ ಬೀಳಲ್ಲ. ಅವನು ಬದಲಾಯಿಸೋ ಆ ಗಳಿಗೆಯನ್ನು ಮುಂಚೆಯೇ ಹೇಗೆ ಹಿಡೀತೀನಿ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಸ್ಕೌಟ್ ಓಡಿಸೋ ದಾರಿಯೂ ಅಷ್ಟೇ. ಗ್ಯಾಂಗ್‌ನವರು ಇದನ್ನು ಓದ್ತಾರೆ.

ನಿಖರ ಲೆಕ್ಕ ಇಟ್ಟಿಲ್ಲ, ಆದರೆ ಈ ಥರ ಆಡೋಕೆ ಶುರು ಮಾಡಿ 140ರ ಹತ್ತಿರ ಆಟ ಆಗಿರಬೇಕು. ಹತ್ತರಲ್ಲಿ ಆರು ಗೆಲ್ತಿದ್ದೀನಿ. ಫ್ರಾಂಕ್ಸ್, ಬ್ರಿಟನ್ಸ್, ಗೋಥ್ಸ್ ಬಂದರೆ ಈಗ ಖುಷಿಯಾಗುತ್ತೆ. ಮಾಯನ್ಸ್ ಬಂದರೆ ಇನ್ನೂ ಕೈ ನಡುಗುತ್ತೆ. ಅವರ ಬಿಲ್ಲುಗಾರ ಪ್ಲೂಮ್ಡ್ ಆರ್ಚರ್‌ಗೆ ಸ್ಕರ್ಮ್ಸ್ ಮಾಡಿದರೆ ಈಗಲ್ಸ್ (ವೇಗದ ಕಾಲಾಳು) ತಂದು ಸ್ಕರ್ಮ್ಸ್ ತಿಂತಾನೆ. ಈಗಲ್ಸ್‌ಗೆ ಕ್ಯಾಟಾಫ್ರಾಕ್ಟ್ ತಂದರೆ ಪ್ಲೂಮ್ಸ್ ಹೊಡೀತಾವೆ. ಅವರ ಹತ್ತಿರ ಕುದುರೆ ಇಲ್ಲ, ಹಾಗಾಗಿ ಸ್ಪಿಯರ್, ಒಂಟೆ ಎರಡಕ್ಕೂ ಅಲ್ಲಿ ಕೆಲಸವೇ ಇಲ್ಲ. ಈ ವಾರ ಸ್ಕರ್ಮ್ಸ್ ಜೊತೆ ಲಾಂಗ್‌ಸ್ವೋರ್ಡ್ (ಕತ್ತಿ ಹಿಡಿದ ಕಾಲಾಳು) ಇಟ್ಟು ನೋಡ್ತಿದ್ದೀನಿ. ಮೂರು ಆಟ ಆಯ್ತು, ಒಂದು ಗೆದ್ದೆ, ಒಂದು ಸೋತೆ, ಮೂರನೆಯದರಲ್ಲಿ ಯುಪಿಎಸ್ ಚಾರ್ಜ್ ಮಾಡೋದು ಮರೆತಿದ್ದೆ.