‘ಟೇಕ್’ ಬಿಟ್ಟು ಟರ್ಕಿಶ್ ಕಲಿಯಿರಿ: ಒಂದು ಇಂಗ್ಲಿಷ್ ಕ್ರಿಯಾಪದ, ಹತ್ತು ಟರ್ಕಿಶ್ ಮಾತು

ಟರ್ಕಿಶ್ ಕಲಿಯಲು ಹೊರಟ ಕನ್ನಡಿಗರ ಕೈಗೆ ಬರುವ ಪುಸ್ತಕ, ಆ್ಯಪ್ ಎಲ್ಲವೂ ಬಹುಮಟ್ಟಿಗೆ ಇಂಗ್ಲಿಷಿನವೇ. ಅವು ಮೊದಲ ವಾರದಲ್ಲೇ ಹೇಳಿಕೊಡುತ್ತವೆ: ‘ಟೇಕ್’ ಅಂದರೆ ‘ಅಲ್ಮಕ್’. ಅದನ್ನೇ ನಂಬಿ ‘ಬಸ್ ಟೇಕ್ ಮಾಡಿದೆ’ ಎನ್ನಲು ‘ಒತೊಬ್ಯುಸ್ ಅಲ್ದಿಮ್’ ಎಂದರೆ, ಕೇಳಿದವರಿಗೆ ನೀವು ಒಂದು ಬಸ್ಸನ್ನೇ ಖರೀದಿಸಿದ ಹಾಗೆ ಅರ್ಥವಾಗುತ್ತದೆ. ‘ಸಿನವ್ ಅಲ್ದಿಮ್’ ಎಂದು ಪರೀಕ್ಷೆಯ ವಿಷಯ ಹೇಳಿದರೆ ಏನೂ ಅರ್ಥವಾಗುವುದಿಲ್ಲ.

ತೊಂದರೆ ಇರುವುದು ಇಂಗ್ಲಿಷನ್ನು ನಡುವೆ ತರುವುದರಲ್ಲಿ. ‘ಟೇಕ್’ ಎಂಬ ಒಂದೇ ಪದಕ್ಕೆ ಇಂಗ್ಲಿಷ್ ಹೊರಿಸಿದ ಕೆಲಸವನ್ನು ಕನ್ನಡವೂ ಟರ್ಕಿಶೂ ಹಲವು ಕ್ರಿಯಾಪದಗಳಿಗೆ ಹಂಚಿವೆ. ಹಂಚಿದ ರೀತಿಯೂ ಅಚ್ಚರಿಯಾಗುವಷ್ಟು ಒಂದೇ. ಹಿಡಿ, ತೆಗೆ, ಹಾಕು, ಹತ್ತು, ನೋಡು ಇವು ಎಲ್ಲಿ ಬರುತ್ತವೋ ಬಹಳ ಸಲ ಅಲ್ಲೇ ಟರ್ಕಿಶಿನ ಸಮಾನ ಪದವೂ ಬರುತ್ತದೆ. ಹೀಗಾಗಿ ಕೆಲಸ ಮೂರು ಹಂತದ್ದು: ಇಂಗ್ಲಿಷ್ ವಾಕ್ಯವನ್ನು ಮೊದಲು ಮನೆಮಾತಿನ ಕನ್ನಡಕ್ಕೆ ತನ್ನಿ, ಅಲ್ಲಿ ಯಾವ ಕ್ರಿಯಾಪದ ಬಂತು ನೋಡಿ, ಆಮೇಲೆ ಅದರ ಟರ್ಕಿಶ್ ಜೋಡಿಯನ್ನು ಸರಿಯಾದ ವಿಭಕ್ತಿಯೊಂದಿಗೆ ಬಳಸಿ. ಎಡವುವುದು ಹೆಚ್ಚಾಗಿ ಮೂರನೆಯ ಹಂತದಲ್ಲಿ.

ಓದುವ ಮುನ್ನ ಉಚ್ಚಾರದ ಬಗ್ಗೆ

ಟರ್ಕಿಶ್ ಭಾಷೆ 1928ರಿಂದ ಲ್ಯಾಟಿನ್ ಲಿಪಿಯಲ್ಲಿದೆ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆದಿರುವುದರಿಂದ ಮೂರು ಸ್ವರಗಳನ್ನು ನೀವೇ ತಿದ್ದಿಕೊಂಡು ಓದಬೇಕು. ‘ಸ್ಯು’, ‘ತ್ಯು’, ‘ಬ್ಯು’ ಎಂದು ಬರೆದ ಕಡೆ ತುಟಿಯನ್ನು ಉಕಾರಕ್ಕೆ ಇಟ್ಟ ಹಾಗೆ ದುಂಡಗೆ ಇಟ್ಟುಕೊಂಡು ನಾಲಿಗೆಯಲ್ಲಿ ಇಕಾರ ಹೇಳಿ. ‘ಗ್ಯೊ’ ಎಂಬಲ್ಲಿ ತುಟಿ ಒಕಾರಕ್ಕೆ, ನಾಲಿಗೆ ಎಕಾರಕ್ಕೆ. ನಡುವೆ ಯಕಾರ ಕೇಳಿಸಬಾರದು. ಮೂರನೆಯದು ಚುಕ್ಕೆಯಿಲ್ಲದ ಐ ಅಕ್ಷರ. ಅಕಾರವಿರುವ ಅಚ್ಚ ಟರ್ಕಿಶ್ ಪದದಲ್ಲಿ ಇಕಾರ ಕಂಡರೆ (ಅಲ್ದಿಮ್, ಅಲಿರ್, ಚಿಕರ್ಮಕ್) ಅದು ಇದೇ ಸ್ವರ. ತುಳು ಬಲ್ಲವರಿಗೆ ಇದು ಕಷ್ಟವಲ್ಲ, ತುಳು ಪದಗಳ ಕೊನೆಯಲ್ಲಿ ಬರುವ ಅರೆ ಉಕಾರಕ್ಕೆ ಬಹಳ ಹತ್ತಿರ. ‘ತಕ್ಸಿ’ಯಂಥ ಎರವಲು ಪದದಲ್ಲಿ, ‘ಹನ್ಗಿ’ (ಯಾವ) ಎಂಬಂಥ ಕೆಲವು ಅಪವಾದಗಳಲ್ಲಿ ಮಾತ್ರ ಇಕಾರ ಸ್ಪಷ್ಟವಾಗಿಯೇ ಇರುತ್ತದೆ.

ಕ್ರಿಯಾಪದಗಳನ್ನು ನಿಘಂಟಿನಲ್ಲಿರುವಂತೆ -ಮಕ್ ಅಥವಾ -ಮೆಕ್ ಸೇರಿಸಿ ಕೊಟ್ಟಿದೆ. ಅದನ್ನು ಕಿತ್ತರೆ ಉಳಿಯುವ ಧಾತುವೇ ‘ನೀನು’ ಎನ್ನುವವರಿಗೆ ಕೊಡುವ ಆಜ್ಞೆ: ಅಲ್ (ತಗೋ), ವೆರ್ (ಕೊಡು), ಬಕ್ (ನೋಡು). ಅಪರಿಚಿತರಿಗೆ, ಹಿರಿಯರಿಗೆ ಹೀಗೆ ಹೇಳಿದರೆ ಒರಟು.

ಅಲ್ಮಕ್ ಸರಿಯಾಗುವ ಕಡೆ

‘ತಗೋ’ ಎಂಬುದು ಕನ್ನಡದಲ್ಲಿ ಸಹಜವಾಗಿ ಬಂದರೆ, ಟರ್ಕಿಶಿನಲ್ಲೂ ‘ಅಲ್ಮಕ್’ ಬರುವ ಸಾಧ್ಯತೆ ಹೆಚ್ಚು. ಕೈಗೆ ತೆಗೆದುಕೊಳ್ಳುವುದು, ಪಡೆಯುವುದು, ಅಂಗಡಿಯಲ್ಲಿ ಕೊಳ್ಳುವುದು ಮೂರಕ್ಕೂ ಇದೇ. ‘ಎಕ್ಮೆಕ್ ಅಲ್ದಿಮ್’ ಎಂದರೆ ಬ್ರೆಡ್ ತಗೊಂಡೆ. ಕೊಂಡದ್ದೆಂದು ಬಿಡಿಸಿ ಹೇಳಬೇಕಾದಾಗ ‘ಸತಿನ್ ಅಲ್ಮಕ್’ ಇದೆ, ದಿನನಿತ್ಯದ ಮಾತಿಗೆ ಬೇಕಿಲ್ಲ. ಯಾರ ಮನೆಗೆ ಹೋದರೂ ಕಿವಿಗೆ ಬೀಳುವ ‘ಚಾಯ್ ಅಲಿರ್ ಮಿಸಿನಿಜ಼್?’ ನಮ್ಮ ‘ಟೀ ತಗೋತೀರಾ?’ ಅಲ್ಲದೆ ಬೇರೆಯಲ್ಲ. ಬೇಡವಾದರೆ ‘ಅಲ್ಮಯಯಿಮ್’ ಎನ್ನಿ, ‘ನಾನು ತಗೊಳ್ಳದೇ ಇರುತ್ತೇನೆ’ ಎಂಬ ವಿನಯ ಅದರಲ್ಲಿದೆ. ಉಸಿರು ತಗೊಳ್ಳುವುದು ‘ನೆಫೆಸ್ ಅಲ್ಮಕ್’, ರಜೆ ಅಥವಾ ಅನುಮತಿ ತಗೊಳ್ಳುವುದು ‘ಇಜ಼ಿನ್ ಅಲ್ಮಕ್’, ಪಾಠ ಹೇಳಿಸಿಕೊಳ್ಳುವುದು ‘ದೆರ್ಸ್ ಅಲ್ಮಕ್’. ಶವರ್ ಸ್ನಾನಕ್ಕೆ ‘ದುಶ್ ಅಲ್ಮಕ್’ ಎನ್ನುತ್ತಾರೆ. ಟಬ್ಬಿನ ಸ್ನಾನಕ್ಕಾದರೆ ‘ಬನ್ಯೊ ಯಪ್ಮಕ್’, ಅಂದರೆ ಕನ್ನಡದಂತೆ ಸ್ನಾನ ‘ಮಾಡು’.

‘ನಿನ್ನನ್ನು ಬಸ್ ಸ್ಟಾಪಿನಿಂದ ಕರೆದುಕೊಳ್ಳುತ್ತೇನೆ’ ಎನ್ನಲೂ ಅಲ್ಮಕ್ ಸಾಕು: ‘ಸೆನಿ ದುರಕ್ತನ್ ಅಲಿರಿಮ್’. ‘ದುರಕ್’ ಎಂದರೆ ಸ್ಟಾಪು, ‘-ತನ್’ ನಮ್ಮ ‘-ಇಂದ’.

ಇಲ್ಲಿ ಕನ್ನಡಿಗರೇ ಮಾಡುವ ಒಂದು ತಪ್ಪಿದೆ. ‘ಪುಸ್ತಕ ತಗೊಂಡೆ’, ‘ಆ ಪುಸ್ತಕವನ್ನು ತಗೊಂಡೆ’ ಎಂಬ ವ್ಯತ್ಯಾಸ ಎರಡು ಭಾಷೆಯಲ್ಲೂ ಇದೆ: ‘ಕಿತಪ್ ಅಲ್ದಿಮ್’, ‘ಒ ಕಿತಬಿ ಅಲ್ದಿಮ್’. ಆದರೆ ಮಾತಿನಲ್ಲಿ ನಾವು ‘ಆ ಪುಸ್ತಕ ತಗೊಂಡೆ’ ಎಂದು ‘-ಅನ್ನು’ ನುಂಗಿಬಿಡುತ್ತೇವೆ. ಟರ್ಕಿಶ್ ಅದಕ್ಕೆ ಒಪ್ಪುವುದಿಲ್ಲ. ‘ಆ, ಈ, ನನ್ನ, ನಿನ್ನ’ ಎಂದು ವಸ್ತುವನ್ನು ಗುರುತಿಸಿದ ಮೇಲೆ ದ್ವಿತೀಯಾ ಪ್ರತ್ಯಯ ಬರಲೇಬೇಕು. ‘ಒ ಕಿತಪ್ ಅಲ್ದಿಮ್’ ತಪ್ಪು.

ಹಿಡಿ ಎಂದರೆ ತುತ್ಮಕ್

ಟ್ಯಾಕ್ಸಿ ಹಿಡಿಯುವುದು ‘ತಕ್ಸಿ ತುತ್ಮಕ್’. ‘ತುತ್’ ಅಂದರೆ ಅಕ್ಷರಶಃ ಹಿಡಿ. ಬಾಡಿಗೆಗೆ ಮನೆ ಹಿಡಿಯುವುದು ‘ಎವ್ ತುತ್ಮಕ್’, ಮೀನು ಹಿಡಿಯುವುದು ‘ಬಲಿಕ್ ತುತ್ಮಕ್’, ಒಬ್ಬರ ಪಕ್ಷ ಹಿಡಿಯುವುದು ‘ತರಫ್ ತುತ್ಮಕ್’. ನಾವು ವ್ರತ ಹಿಡಿಯುವಂತೆ ಅವರು ರಂಜಾನಿನಲ್ಲಿ ಉಪವಾಸ ಹಿಡಿಯುತ್ತಾರೆ, ‘ಒರುಚ್ ತುತ್ಮಕ್’. ಫುಟ್‌ಬಾಲ್ ಹುಚ್ಚಿನ ಇಸ್ತಾಂಬುಲ್‌ನಲ್ಲಿ ‘ಹನ್ಗಿ ತಕಿಮಿ ತುತುಯೊರ್ಸುನ್?’ ಎಂದು ಯಾರಾದರೂ ಕೇಳಿದರೆ ಯಾವ ತಂಡವನ್ನು ‘ಹಿಡಿದಿದ್ದೀ’ ಎಂದರ್ಥ. ಗಲತಸರಾಯ್, ಫೆನೆರ್‌ಬಾಹ್ಚೆ, ಬೆಶಿಕ್ತಾಶ್ ಇವುಗಳಲ್ಲಿ ಒಂದನ್ನು ಹೇಳಿದರೆ ಮಾತು ತಾನೇ ಬೆಳೆಯುತ್ತದೆ.

ಸಮಯ ‘ಹಿಡಿಯುವುದು’ ಮಾತ್ರ ಇಲ್ಲಿಗೆ ಬರುವುದಿಲ್ಲ. ‘ಎರಡು ಗಂಟೆ ಹಿಡಿಯುತ್ತದೆ’ ಎಂದು ನಾವು ಹೇಳುವಲ್ಲಿ ಟರ್ಕಿಶಿನಲ್ಲಿ ‘ಸ್ಯುರ್ಮೆಕ್’: ‘ಯೊಲ್ ನೆ ಕದರ್ ಸ್ಯುರೆರ್?’ ಎಂದರೆ ದಾರಿಗೆ ಎಷ್ಟು ಹೊತ್ತು ಬೇಕು. ಪ್ರಯಾಣ, ಸಿನಿಮಾ, ಸಭೆ ಇಷ್ಟು ಹೊತ್ತು ನಡೆಯಿತು ಎನ್ನಲು ಇದನ್ನೇ ಬಳಸಿ. ಕೆಲಸವೊಂದು ನಿಮ್ಮ ಸಮಯವನ್ನು ಕಿತ್ತುಕೊಂಡಿತು ಎಂಬ ಭಾವವಿದ್ದರೆ ಅಲ್ಮಕ್‌ಗೆ ಮರಳಬೇಕು: ‘ಬು ಇಶ್ ಚೊಕ್ ಜ಼ಮನ್ ಅಲಿಯೊರ್’, ಈ ಕೆಲಸ ತುಂಬಾ ಸಮಯ ತಗೊಳ್ಳುತ್ತಿದೆ. ಇದೇ ‘ಸ್ಯುರ್ಮೆಕ್’ಗೆ ಹೊಲ ಉಳು, ಗಾಡಿ ಓಡಿಸು, ಬ್ರೆಡ್ಡಿಗೆ ಬೆಣ್ಣೆ ಸವರು ಎಂಬ ಅರ್ಥಗಳೂ ಇವೆ. ಕರ್ತೃ ಯಾರು ಎಂದು ನೋಡಿದರೆ ಗೊಂದಲವಾಗದು.

ತೆಗೆ ಎಂದರೆ ಚೆಕ್ಮೆಕ್, ಬಹುಪಾಲು

ಎರಡು ಭಾಷೆಗಳ ಹೋಲಿಕೆ ಅತ್ಯಂತ ಸೊಗಸಾಗಿ ಕಾಣುವುದು ಇಲ್ಲಿ. ‘ಚೆಕ್’ ಎಂದರೆ ಎಳೆ, ಸೆಳೆ, ಸೇದು. ಫೋಟೋ ತೆಗೆಯುವುದು ‘ಫೋತೋರಫ್ ಚೆಕ್ಮೆಕ್’, ಎಕ್ಸ್‌ರೇ ತೆಗೆಯುವುದು ‘ರ್‍ಯೊಂತ್ಗೆನ್ ಚೆಕ್ಮೆಕ್’, ಸಿನಿಮಾ ತೆಗೆಯುವುದು ‘ಫಿಲ್ಮ್ ಚೆಕ್ಮೆಕ್’, ಬ್ಯಾಂಕಿನಿಂದ ದುಡ್ಡು ತೆಗೆಯುವುದು ‘ಪರ ಚೆಕ್ಮೆಕ್’, ಹಲ್ಲು ತೆಗೆಯುವುದು ‘ದಿಶ್ ಚೆಕ್ಮೆಕ್’. ಇಂಗ್ಲಿಷಿನಲ್ಲಿ ಈ ಐದಕ್ಕೂ ಒಂದೇ ಪದ ಸಿಗುವುದಿಲ್ಲ. ಕನ್ನಡದಲ್ಲಿ ಸಿಗುತ್ತದೆ. ಬಾವಿಯಿಂದ ನೀರು ಸೇದುವುದೂ ಚೆಕ್ಮೆಕ್, ಗಮನ ಸೆಳೆಯುವುದೂ ಚೆಕ್ಮೆಕ್ (‘ದಿಕ್ಕತ್ ಚೆಕ್ಮೆಕ್’). ಪ್ರವಾಸಿಗರು ಬಾಯಿಪಾಠ ಮಾಡಬೇಕಾದ ವಾಕ್ಯ: ‘ಫೋತೋರಫಿಮಿಜ಼ಿ ಚೆಕೆರ್ ಮಿಸಿನಿಜ಼್?’, ನಮ್ಮ ಫೋಟೋ ತೆಗೆಯುತ್ತೀರಾ?

ಎರಡು ಕಡೆ ಈ ಜೋಡಿ ಮುರಿಯುತ್ತದೆ. ಬಾಗಿಲು ತೆಗೆಯುವುದು ಚೆಕ್ಮೆಕ್ ಅಲ್ಲ, ‘ಅಚ್ಮಕ್’. ಮೈಮೇಲಿನ ಬಟ್ಟೆ, ಕಾಲಿನ ಶೂ ತೆಗೆಯುವುದು ‘ಚಿಕರ್ಮಕ್’, ಅಂದರೆ ಹೊರಗೆ ಮಾಡು. ಟರ್ಕಿಯಲ್ಲಿ ಮನೆಗೂ ಮಸೀದಿಗೂ ಶೂ ಕಳಚಿಯೇ ಹೋಗುವುದರಿಂದ ಈ ಪದ ಮೊದಲ ದಿನವೇ ಬೇಕಾಗುತ್ತದೆ. ಇಂಗ್ಲಿಷಿನಲ್ಲಿ ವಿಮಾನ ಮೇಲೇಳುವುದಕ್ಕೂ ಶೂ ಕಳಚುವುದಕ್ಕೂ ಒಂದೇ ‘ಟೇಕ್ ಆಫ್’. ಟರ್ಕಿಶಿನಲ್ಲಿ ವಿಮಾನ, ಬಸ್ಸು ಹೊರಡುವುದು ‘ಕಲ್ಕ್ಮಕ್’, ಏಳು ಎಂದು ಅರ್ಥ: ‘ಒತೊಬ್ಯುಸ್ ಕಚ್ತ ಕಲ್ಕಿಯೊರ್?’, ಬಸ್ ಎಷ್ಟು ಹೊತ್ತಿಗೆ ಹೊರಡುತ್ತದೆ?

ಹಾಕು ಎಂದರೆ ಅತ್ಮಕ್

‘ಅತ್’ನ ಮೂಲ ಅರ್ಥ ಎಸೆ. ಹೆಜ್ಜೆ ಹಾಕುವುದು ‘ಅದಿಮ್ ಅತ್ಮಕ್’, ಸಹಿ ಹಾಕುವುದು ‘ಇಮ್ಜ಼ಾ ಅತ್ಮಕ್’, ಮೆಸೇಜ್ ಹಾಕುವುದು ‘ಮೆಸಾಜ್ ಅತ್ಮಕ್’, ಒಂದು ಸುತ್ತು ಹಾಕುವುದು ‘ತುರ್ ಅತ್ಮಕ್’. ಸುಮ್ಮನೆ ಕಣ್ಣು ಹಾಯಿಸುವುದು ‘ಗ್ಯೊಜ಼್ ಅತ್ಮಕ್’. ಅಡುಗೆಗೆ ಉಪ್ಪು ಹಾಕುವುದು, ಬಟ್ಟೆ ಹಾಕಿಕೊಳ್ಳುವುದು ಈ ಗುಂಪಿಗೆ ಸೇರದ ಬೇರೆ ಪದಗಳು, ಅಲ್ಲಿಗೆ ಇದನ್ನು ಒಯ್ಯಬೇಡಿ.

ಹತ್ತು, ಹೋಗು

ಬಸ್ಸು, ರೈಲು, ದೋಣಿ, ಕುದುರೆ ಯಾವುದಾದರೂ ಸರಿ, ಹತ್ತುವುದು ‘ಬಿನ್ಮೆಕ್’, ಇಳಿಯುವುದು ‘ಇನ್ಮೆಕ್’. ‘ಒತೊಬ್ಯುಸೆ ಬಿನ್ದಿಮ್’ ಬಸ್ಸಿಗೆ ಹತ್ತಿದೆ, ‘ಒತೊಬ್ಯುಸ್ತೆನ್ ಇನ್ದಿಮ್’ ಬಸ್ಸಿನಿಂದ ಇಳಿದೆ. ‘ಬಸ್ ಹತ್ತಿದೆ’ ಎಂದು ‘-ಗೆ’ ಬಿಡುವ ರೂಢಿಯನ್ನು ಇಲ್ಲೂ ಬಿಡಬೇಕು. ಮತ್ತೊಂದು: ‘ಬಸ್ಸಲ್ಲಿ ಹೋದೆ’ ಎನ್ನಲು ನಾವು ಸಪ್ತಮಿ ಬಳಸುತ್ತೇವೆ, ಅವರು ‘ಒಡನೆ’ ಎಂಬರ್ಥದ ಪ್ರತ್ಯಯ ಬಳಸುತ್ತಾರೆ: ‘ಒತೊಬ್ಯುಸ್ಲೆ ಗಿತ್ತಿಮ್’.

ಒಬ್ಬರನ್ನು ಕರೆದುಕೊಂಡು ಹೋಗುವುದು, ಒಂದು ವಸ್ತುವನ್ನು ತೆಗೆದುಕೊಂಡು ಹೋಗುವುದು ಎರಡಕ್ಕೂ ‘ಗ್ಯೊತ್ಯುರ್ಮೆಕ್’ ಒಂದೇ. ಇಲ್ಲಿ ಕನ್ನಡವೇ ಹೆಚ್ಚು ಸೂಕ್ಷ್ಮ. ಆದರೆ ದಿಕ್ಕಿನ ವಿಷಯದಲ್ಲಿ ಟರ್ಕಿಶ್ ಕಟ್ಟುನಿಟ್ಟು: ಇಲ್ಲಿಂದ ಅಲ್ಲಿಗೆ ಗ್ಯೊತ್ಯುರ್ಮೆಕ್, ಅಲ್ಲಿಂದ ಇಲ್ಲಿಗೆ ‘ಗೆತಿರ್ಮೆಕ್’. ಟ್ಯಾಕ್ಸಿಯವರಿಗೆ ‘ಬೆನಿ ತಕ್ಸಿಮೆ ಗ್ಯೊತ್ಯುರ್ಯುರ್ ಮ್ಯುಸ್ಯುನ್ಯುಜ಼್?’ ಎಂದರೆ ನನ್ನನ್ನು (ಇಸ್ತಾಂಬುಲ್‌ನ) ತಕ್ಸಿಮ್‌ಗೆ ಕರೆದುಕೊಂಡು ಹೋಗುತ್ತೀರಾ. ಹೋಟೆಲಿನಲ್ಲಿ ನೀರು ತರಲು ಹೇಳುವಾಗ ಗ್ಯೊತ್ಯುರ್ ಎಂದರೆ ಇರುವ ನೀರನ್ನೂ ಒಯ್ದುಬಿಟ್ಟಾರು.

ಪರೀಕ್ಷೆಯಲ್ಲಿ ಕನ್ನಡವೂ ದಾರಿ ತಪ್ಪಿಸುತ್ತದೆ. ನಾವು ಪರೀಕ್ಷೆ ‘ಬರೆಯುತ್ತೇವೆ’, ಅವರು ಪರೀಕ್ಷೆಯ ‘ಒಳಗೆ ಹೋಗುತ್ತಾರೆ’: ‘ಸಿನವ ಗಿರ್ಮೆಕ್’, ಚತುರ್ಥಿಯೊಂದಿಗೆ. ‘ಸಿನವ್ ಯಪ್ಮಕ್’ ಎಂದರೆ ಪರೀಕ್ಷೆ ನಡೆಸುವುದು, ಅದು ಮೇಷ್ಟರ ಕೆಲಸ. ಸಭೆಯಲ್ಲಿ ಭಾಗವಹಿಸುವುದಕ್ಕೂ ‘-ಅಲ್ಲಿ’ ಬೇಡ, ‘-ಗೆ’ ಬೇಕು: ‘ತೊಪ್ಲಂತಿಯ ಕತಿಲ್ಮಕ್’.

ಔಷಧ, ನಿರ್ಧಾರ, ವಿರಾಮ

ಮಾತ್ರೆಯೇ ಆದರೂ ಟರ್ಕಿಶಿನಲ್ಲಿ ಅದನ್ನು ‘ಕುಡಿಯುತ್ತಾರೆ’: ‘ಇಲಾಜಿನಿ ಇಚ್ತಿನ್ ಮಿ?’, ನಿನ್ನ ಮಾತ್ರೆ ತಗೊಂಡೆಯಾ? ‘ಇಲಾಚ್ ಅಲ್ಮಕ್’ ಕೂಡ ಸರಿಯೇ, ಆದರೆ ಅಂಗಡಿಯಿಂದ ಕೊಂಡು ತಂದೆ ಎಂದೂ ಆಗುತ್ತದೆ. ಔಷಧ ಹೊಟ್ಟೆಗೆ ಹೋಯಿತೇ ಎಂಬ ಪ್ರಶ್ನೆಗೆ ಈ ಗೊಂದಲ ಒಳ್ಳೆಯದಲ್ಲ, ಇಚ್ಮೆಕ್ ಎನ್ನಿ. ‘ಇಲಾಚ್’ ಪದ ಅರಬ್ಬಿಯದು, ಹಿಂದಿ ಉರ್ದುಗಳ ‘ಇಲಾಜ್’ ಅದೇ.

ಇಂಗ್ಲಿಷಿನವರು ನಿರ್ಧಾರವನ್ನೂ ವಿರಾಮವನ್ನೂ ‘ತೆಗೆದುಕೊಳ್ಳುತ್ತಾರೆ’, ಟರ್ಕಿಶಿನವರು ‘ಕೊಡುತ್ತಾರೆ’: ‘ಕರಾರ್ ವೆರ್ಮೆಕ್’, ‘ಮೊಲಾ ವೆರ್ಮೆಕ್’. ಈ ಕರಾರ್ ನಮ್ಮ ‘ಕರಾರು’ವಿನ ಒಡಹುಟ್ಟು, ಆದರೆ ಅಲ್ಲಿ ಅದಕ್ಕೆ ನಿರ್ಧಾರ, ತೀರ್ಪು ಎಂಬ ಅರ್ಥ. ಸಂಸತ್ತೋ ಆಡಳಿತ ಮಂಡಳಿಯೋ ನಿರ್ಣಯ ತೆಗೆದುಕೊಂಡರೆ ‘ಕರಾರ್ ಅಲ್ಮಕ್’ ಎನ್ನುವುದುಂಟು. ನೀವು ಯಾವ ಊಟ ತರಿಸುವುದೆಂದು ನಿರ್ಧರಿಸುವುದು ಮಾತ್ರ ವೆರ್ಮೆಕ್. ‘ಮೊಲಾ’ ದೂರದ ಬಸ್ಸಿನಲ್ಲಿ ಹೋಗುವವರು ಕಾಯುವ ಮಾತು, ಟೀ ಊಟಕ್ಕೆ ಬಸ್ ನಿಲ್ಲುವ ಹೊತ್ತು.

‘ಟೇಕ್ ಕೇರ್’ಗೆ ‘ಕೆನ್ದಿನೆ ಇಯಿ ಬಕ್’, ಅಂದರೆ ನಿನ್ನನ್ನು ಚೆನ್ನಾಗಿ ನೋಡಿಕೋ. ಮಗುವನ್ನು ನೋಡಿಕೊಳ್ಳುವುದಕ್ಕೂ ಬಕ್ಮಕ್. ವಿಭಕ್ತಿ ಮಾತ್ರ ನಮ್ಮಂತಲ್ಲ: ‘ಮಗುವನ್ನು’ ಅಲ್ಲ, ‘ಮಗುವಿಗೆ’ ನೋಡು, ‘ಚೊಜುಅ ಬಕ್’.

ಒಂದು ಬಲೆ ಇದೆ. ಅಲ್ಮಕ್‌ನ ಕರ್ಮಣಿ ರೂಪ ‘ಅಲಿನ್ಮಕ್’ಗೆ ‘ತೆಗೆದುಕೊಳ್ಳಲ್ಪಡು’ ಎಂಬುದರ ಜೊತೆಗೆ ‘ಬೇಜಾರು ಮಾಡಿಕೊಳ್ಳು’ ಎಂಬ ಅರ್ಥವೂ ಇದೆ. ‘ಅಲಿನ್ದಿ’ ಎಂದು ಒಬ್ಬ ಮನುಷ್ಯನ ಬಗ್ಗೆ ಹೇಳಿದರೆ ಅವನ ಮನಸ್ಸಿಗೆ ನೋವಾಯಿತು ಎಂದೇ ತಿಳಿಯಿರಿ. ‘ಯುಸ್ತ್ಯುನ್ಯುಜ಼ೆ ಅಲಿನ್ಮಯಿನ್’ ಎಂದರೆ, ನಿಮಗೆ ಹೇಳಿದ್ದೆಂದು ಮೈಮೇಲೆ ಹಾಕಿಕೊಳ್ಳಬೇಡಿ.

ಹೊಸ ಜೋಡಿ ಎದುರಾದಾಗ

ನಿಘಂಟಿನಲ್ಲಿ ಕ್ರಿಯಾಪದವನ್ನು ಹುಡುಕಬೇಡಿ. ಅಲ್ಮಕ್, ಚೆಕ್ಮೆಕ್, ತುತ್ಮಕ್ ಇವುಗಳ ಕೆಳಗೆ ಅರ್ಥಗಳ ಸಾಲು ಎಷ್ಟು ಉದ್ದ ಇದೆಯೆಂದರೆ ನಿಮಗೆ ಬೇಕಾದದ್ದು ಸಿಗುವ ಮೊದಲೇ ಸಾಕಾಗುತ್ತದೆ. ನಾಮಪದ ಹುಡುಕಿ: ಸಿನವ್, ಮೊಲಾ, ಅದಿಮ್, ದುಶ್. 1932ರಲ್ಲಿ ಸ್ಥಾಪನೆಯಾದ ತ್ಯುರ್ಕ್ ದಿಲ್ ಕುರುಮು ಸಂಸ್ಥೆಯ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ. ಅಲ್ಲಿ ನಾಮಪದದ ಜೊತೆಗೇ ಅದರೊಂದಿಗೆ ಬರುವ ನುಡಿಗಟ್ಟುಗಳೂ ಕಾಣುತ್ತವೆ. ಬರೆದುಕೊಳ್ಳುವಾಗ ಕ್ರಿಯಾಪದವನ್ನು ಒಂಟಿಯಾಗಿ ಬರೆಯದೆ, ನಾಮಪದ, ಅದರ ಪ್ರತ್ಯಯ, ಕ್ರಿಯಾಪದ ಮೂರನ್ನೂ ಒಂದೇ ಸಾಲಿನಲ್ಲಿ ಇಡಿ: ‘ಸಿನವ ಗಿರ್ಮೆಕ್’, ‘ಒತೊಬ್ಯುಸ್ತೆನ್ ಇನ್ಮೆಕ್’. ಪಕ್ಕದ ಅಂಕಣದಲ್ಲಿ ಮನೆಯಲ್ಲಿ ಆಡುವ ಕನ್ನಡ ಇರಲಿ. ಪ್ರತ್ಯಯ ಎರಡು ಕಡೆಯೂ ಒಂದೇ ಆಗಿದ್ದರೆ ಬಿಟ್ಟುಬಿಡಿ, ಬೇರೆಯಾದ ಸಾಲುಗಳಿಗೆ ಮಾತ್ರ ಕೆಂಪು ಗೆರೆ ಎಳೆಯಿರಿ. ಮತ್ತೆ ಮತ್ತೆ ಓದಬೇಕಾದದ್ದು ಅಷ್ಟನ್ನೇ.