ಪ್ಲಾಸ್ಟರ್ ಬಂಡೆಗೆ ಕಲ್ಲಿನ ಬಣ್ಣ ಬಂದಿದ್ದು ಹೀಗೆ

ನನ್ನ 1:87 ಅಳತೆಯ ಮಾದರಿ ರೈಲಿಗೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಒಂದು ತುಣುಕು ಕಟ್ಟುತ್ತಿದ್ದೇನೆ. 57 ಸುರಂಗಗಳಿರುವ ಆ ದಾರಿಯಲ್ಲಿ ಬಂಡೆಯೇ ಮುಖ್ಯ. ಸುರಂಗದ ಬಾಯಿಯ ಸುತ್ತ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚುಗಳನ್ನು ಕೂರಿಸಿದ್ದೆ. ಆದರೆ ಬೂದು ಬಣ್ಣ ಬಳಿದ ಮೇಲೆ ಸಿಮೆಂಟ್ ಗೋಡೆಯಂತೆ ಕಾಣುತ್ತಿತ್ತು. ದಪ್ಪ ಬಣ್ಣ ಸಣ್ಣ ಬಿರುಕುಗಳನ್ನೆಲ್ಲ ಮುಚ್ಚಿಬಿಡುತ್ತದೆ, ಅದೇ ತೊಂದರೆ.

ಹೊಸ ಅಚ್ಚಿಗೆ ಮೊದಲು ನೀರು ಸಿಂಪಡಿಸಿದೆ. ಒಣ ಪ್ಲಾಸ್ಟರ್ ಬಣ್ಣವನ್ನು ಬಿದ್ದ ಕಡೆಯೇ ಹೀರಿಕೊಂಡು ಕಲೆಯಾಗುತ್ತದೆ, ಅದಕ್ಕೆ. ಆಮೇಲೆ ಅಕ್ರಿಲಿಕ್ ಬಣ್ಣಕ್ಕೆ ಹತ್ತು ಪಾಲಿಗೂ ಜಾಸ್ತಿ ನೀರು ಬೆರೆಸಿಕೊಂಡೆ. ಹಳದಿ ಮಣ್ಣಿನ ಬಣ್ಣ, ಕಂದು ಎರಡನ್ನೂ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಹಚ್ಚಿ, ಮೂರನೇ ಒಂದು ಭಾಗ ಬಿಳಿಯಾಗಿಯೇ ಬಿಟ್ಟೆ. ಕೊನೆಗೆ ಇಡೀ ಬಂಡೆಯ ಮೇಲೆ ತೆಳು ಕಪ್ಪು ಹರಿಸಿದೆ. ಅದು ಬಿರುಕುಗಳಿಗೆ ಇಳಿಯಿತು, ಬಿಳಿ ಇದ್ದ ಜಾಗ ಬೂದಾಯಿತು. ಎಷ್ಟು ಚಂದ ಗೊತ್ತಾ! ಆದರೆ ಒಣಗುವ ಮೊದಲೇ ಸುಮ್ನೆ ಕೈಯಾಡಿಸಬೇಡಿ. ಒದ್ದೆ ಇರುವಾಗ ಬಣ್ಣ ಗಾಢವಾಗಿಯೇ ಕಾಣುತ್ತದೆ.

ಮರುದಿನ ಬಣ್ಣವನ್ನು ಬಹುಪಾಲು ಒರೆಸಿಕೊಂಡ ಒಣ ಕುಂಚದಿಂದ ಅಂಚುಗಳಿಗೆ ತಿಳಿ ಬೂದು ಸವರಿದೆ. ಮಳೆಗಾಲದ ಘಾಟಿ ಅಲ್ವಾ, ನೀರು ಇಳಿಯುವ ಕಡೆ ಕಪ್ಪು ಗೆರೆ, ಬುಡದಲ್ಲಿ ಪಾಚಿಯ ಹಸಿರು ಕೊಟ್ಟೆ.