ಕೋಟೆಗೋಡೆ ಒಳಗಿನ ಮಸೂತಿಗೆ ಗಾರೆ ಹಾಕಿದ್ದು: ನನ್ನ ಅನುಭವ

ಈ ಸಲದ ಸೆಪ್ಟೆಂಬರ್ ಮಳಿ ಮುಗೀತು, ಗುಮ್ಮಟದೊಳಗ ಒಂದು ಹನಿ ಬಿದ್ದಿಲ್ಲ, ಅದಕ್ಕ ಬರಿಯಾಕತ್ತೀನಿ. ವಿಜಯಪುರದ ಕೋಟೆ ಒಳಗ ಆದಿಲ್‌ಶಾಹಿ ಕಾಲದ ಸಣ್ಣ ಮಸೂತಿ ಭಾಳ ಅದಾವು, ಗೋಳಗುಮ್ಮಟಕ್ಕ ಬಂದ ಮಂದಿ ಈ ಕಡಿ ಹಾಯಂಗಿಲ್ಲ, ಪುರಾತತ್ವ ಇಲಾಖೆ ಪಟ್ಟಿಯಾಗೂ ಎಲ್ಲಾ ಇಲ್ಲ. ನಮ್ಮ ಗಲ್ಲಿಂದು ಅಂಥಾದ್ದು, ಮೂರು ಕಮಾನು, ಒಂದು ಗುಮ್ಮಟ.

ಹಿಂದ ಯಾರೋ ಮ್ಯಾಲೆ ಸಿಮೆಂಟ್ ಬಳದಿದ್ರು. ಗೆಣ್ಣಿಲೆ ಬಡದ್ರ ಡಬಡಬ ಅಂತಿತ್ತು, ನೀರು ಒಳಗ ಸಿಕ್ಕೊಂಡು ಹಳೇ ಗಾರೆ ಹಿಟ್ಟಾಗಿತ್ತು. ಅದನ್ನ ಕಿತ್ತಿ ಹಳೇದರಂಗ ಸುಣ್ಣದ ಗಾರೆನ ಹಾಕೂಣು ಅಂದೆ. ಮಸೂತಿ ಉಸ್ತುವಾರಿ ನೋಡೋ ಮುತವಲ್ಲಿ ಚಾಚಾ "40 ಸಾವಿರದಾಗ ಸಿಮೆಂಟ್ ಮುಗೀತದ, ನೀ ಯಾಕಪ್ಪ ಸುಣ್ಣ ಸುಣ್ಣ ಅಂತಿ" ಅಂದ್ರು.

ಮೊದಲನೇ ಸಲ ಏಪ್ರಿಲ್‌ನಾಗ ಹಾಕಿ ಕೆಟ್ಟೆ, ನಮ್ಮ ಬಿಸಿಲಿಗೆ ಎರಡೇ ದಿನದಾಗ ಜಾಳಿಗಿ ಹಂಗ ಸೀಳು ಬಿಟ್ಟು 18 ಸಾವಿರ ಮಣ್ಣಾತು. ಎರಡನೇ ಸಲ ಬೆಲ್ಲದ ನೀರು ಜಾಸ್ತಿ ಆಗಿ ವಾರ ಕಳದ್ರೂ ಉಗುರು ಇಳೀತಿತ್ತು, ಇರುವಿ ಬ್ಯಾರೆ. ನಡುವ ಪಾಪಸ್ಕಳ್ಳಿ ರಸ ಕಲಿಸಿದ ಗಾರೆನೂ ಹಿಂದಿನ ಗೋಡಿಗೆ ಮೊಳದಷ್ಟು ಹಚ್ಚಿ ನೋಡೀನಿ, ಅದು ಇನ್ನೂ ಗಟ್ಟಿನ ಐತಿ, ಖರೆ ಗುಮ್ಮಟಕ್ಕ ಹಚ್ಚಾಕ ಧೈರ್ಯ ಬರಲಿಲ್ಲ.

ದಾರಿ ತೋರಿಸಿದ್ದು ಹಳೇ ಗಾರೆನ. ಒಂದು ಚಕ್ಕೆ ಒಡದು ನೋಡಿದ್ರ ಒಳಗ ಜೋಳದ ಕಾಳಿನಷ್ಟು ಬಿಳೇ ಸುಣ್ಣದ ಹಳಕು, ಅಂದ್ರ ಆಗಿನ ಗಾರೆಯವರು ನಾವು ಸೋಸಿದಷ್ಟು ಸಣ್ಣಗ ಸೋಸಿಲ್ಲ. ಆಮ್ಯಾಲೆ ಜರಡಿ ಬದಲಿಸಿದೆ, ಸುಣ್ಣ ತಿಂಗಳ ಮ್ಯಾಲೆ ನೀರಾಗ ಇಟ್ಟೆ, ಮರಳಿನ ಜೋಡಿ ಇಟ್ಟಂಗಿ ಪುಡಿ, ಅಳಲೆಕಾಯಿ ಜೋಡಿ ಬೆಲ್ಲ ಅಳತಿಗೆ ತಕ್ಕಷ್ಟೇ. ಹಾಕಿದ್ದು ದೀಪಾವಳಿ ಕಳದ ಮ್ಯಾಲೆ, ತೆಳ್ಳಗ ಮೂರು ಪದರು, ಒಂದೊಂದನ್ನೂ ಕಟಗಿಲೆ ಬಡದು ಬಡದು, ಹಸಿ ಗೋಣಿತಟ್ಟು ಹೊಚ್ಚಿ 20 ದಿನದ ಮ್ಯಾಲೆ ಕಾಯ್ದೀವಿ. ಕಡೀ ಪದರಿನ ನೀರಾಗ ಏನು ಹಾಕೀನಿ ಅನ್ನೋದು ಮಾತ್ರ ನನ್ನ ಹಂತೇಕ ಇರಲಿ, ಮೂರು ವರ್ಷದ ದುಡಿತ ಅದ.

ಕೆಟ್ಟಿದ್ದೂ ಹಿಡದು 1 ಲಕ್ಷ 30 ಸಾವಿರದ ಹತ್ರ ಹೋತು, ಅರ್ಧಕ್ಕಿಂತ ಜಾಸ್ತಿ ಕೂಲಿನ. ಈಗ ಬಡದ್ರ ಟಣ್ ಅಂತದ. ನಮ್ಮ ಊರಾಗಿನ 1608ರ ಅಂಡಾ ಮಸೂತಿ ಕಲ್ಲಿನ ಸಂದು ನೋಡೀರಲ್ಲ, ಬ್ಲೇಡ್ ಹೋಗಂಗಿಲ್ಲ, ಅಂಥಾ ಕೈ ನಮ್ಮದಲ್ಲ, ಆದ್ರ ಗುಮ್ಮಟದ ನುಣುಪು ಮಾತ್ರ ಯಾರ ಬೇಕಾದ್ರೂ ಬಂದು ಮುಟ್ಟಿ ನೋಡ್ರಿ. ಛಜ್ಜಾ, ಅಂದ್ರ ಗೋಡಿಂದ ಹೊರಗ ಚಾಚಿದ ಕಲ್ಲಿನ ಸೂರು, ಅದನ್ನ ಹೊತ್ತ ಎರಡು ಕಲ್ಲು ಮುರದಾವು, ಊರಾಗಿನ ಮೆಹತರ್ ಮಹಲಿನ ಕಲ್ಲಿನ ಕೆತ್ತಗಿ ನೋಡಿ ಬರಾಕ ಕಲ್ಲುಕುಟಿಗರನ್ನ ಕರಕೊಂಡು ಹೊಂಟೀನಿ, ಈ ಸಲ ರೊಕ್ಕ ಚಾಚಾನ ಮೊದಲು ಕೊಟ್ಟಾರ.